ನಾಲ್ಕು ಮಿಷನ್ನಿನ ಮನೆ

ಡೊಂಬಿವಲಿಯ ರಾಮನಗರದಲ್ಲೋ, ಕಲ್ಯಾಣ ಪೂರ್ವದ ಹಳೆಯ ಚಾಳಿನಲ್ಲೋ, ಐರೋಲಿಯ ಸಿಡ್ಕೋ ಕಟ್ಟಡದಲ್ಲೋ ಮನೆಯಲ್ಲೇ ಹೊಲಿಗೆ ಮಾಡುವ ಹೆಂಗಸರ ಮನೆಗೆ ಹೋಗಿ ನೋಡಿ. ಹತ್ತಡಿ ಉದ್ದದ ಹಾಲ್‌ನಲ್ಲಿ ಕಿಟಕಿಯ ಕೆಳಗೆ ಕಾಲಲ್ಲಿ ತುಳಿಯುವ ಕಪ್ಪು ಮಿಷನ್, ಅದರ ಪಕ್ಕ ಪಿಕೋ ಮಿಷನ್, ಗೋಡೆಗೊತ್ತಿ ಒಂದು ಓವರ್‌ಲಾಕ್, ಕಪಾಟಿನ ಮೇಲೆ ಮುಸುಕು ಹೊದಿಸಿಟ್ಟ ಬಿಳಿ ಆಟೊಮ್ಯಾಟಿಕ್. ಕೈ ತುಂಬ ಆರ್ಡರ್ ಇರುವವರಲ್ಲಿ ಇವುಗಳ ಜೊತೆ ದೊಡ್ಡ ಮೇಜಿನ ಸಮೇತ ಒಂದು ಜೂಕಿಯೂ ಇರುತ್ತದೆ. ಊಟಕ್ಕೆ ಕೂರುವಾಗ ಒಂದನ್ನು ಬದಿಗೆ ಸರಿಸಬೇಕು, ನೆಂಟರು ಬಂದರೆ ಇನ್ನೊಂದನ್ನು ಬಾಲ್ಕನಿಗೆ ಎಳೆಯಬೇಕು. ಇಷ್ಟಾದ ಮೇಲೂ ಆಕೆ ಮತ್ತೊಂದರ ಬೆಲೆ ವಿಚಾರಿಸಿದಾಗ ಮನೆಯವರಿಗೆ ಸಹನೆ ತಪ್ಪುತ್ತದೆ: “ಇದ್ದದ್ದು ಸಾಲದಾ ಮಾರಾಯ್ತಿ? ಹೊಲಿಯುವುದು ಎರಡೇ ಕೈ ಅಲ್ಲವಾ?”

ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಬೇಕೆಂದು ನನಗೆ ಬಹಳ ದಿನದಿಂದ ಅನ್ನಿಸಿದೆ. ಗಂಡ ಕೇಳುವ ಪ್ರಶ್ನೆಯನ್ನೇ ಬ್ಯಾಂಕಿನವರು ಕೇಳುತ್ತಾರೆ, ಮಹಿಳೆಯರಿಗೆ ಹೊಲಿಗೆ ಯಂತ್ರ ಹಂಚುವ ಸಂಘ ಸಂಸ್ಥೆಗಳು ಮನಸ್ಸಿನಲ್ಲೇ ಕೇಳಿಕೊಳ್ಳುತ್ತವೆ. ಒಬ್ಬಳಿಗೆ ಒಂದು ಮಿಷನ್ ಕೊಟ್ಟರೆ ಬದುಕಿಗೆ ದಾರಿಯಾಯಿತು ಎಂದು ನಾವೆಲ್ಲ ನಂಬಿದ್ದೇವೆ. ಹೊಲಿಗೆ ಬಲ್ಲವರು ಹಾಗೆ ನಂಬುವುದಿಲ್ಲ. ಅವರ ಲೆಕ್ಕದಲ್ಲಿ ಒಂದು ಮಿಷನ್ ಎಂದರೆ ಒಂದು ಬಗೆಯ ಹೊಲಿಗೆ, ಅಷ್ಟೇ. ದೋಸೆ ಕಾವಲಿಯಲ್ಲಿ ಇಡ್ಲಿ ಬೇಯುವುದಿಲ್ಲ. ಅಡುಗೆಮನೆಯಲ್ಲಿ ಎರಡೂ ಇರುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಒಳಗೆ ಏನು ನಡೆಯುತ್ತದೆ ಎಂದು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕಪ್ಪು ಮಿಷನ್ನಿನ ಚಕ್ರವನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ದಾರ ಪೋಣಿಸಿದ ಸೂಜಿ ಬಟ್ಟೆ ದಾಟಿ ಕೆಳಗಿಳಿಯುತ್ತದೆ. ತಳ ಮುಟ್ಟಿ ಒಂದಿಷ್ಟೇ ಇಷ್ಟು ಮೇಲೇಳುವಾಗ ಸೂಜಿಯ ಬೆನ್ನಿನ ದಾರ ಸಡಿಲಾಗಿ ಸಣ್ಣ ಕುಣಿಕೆಯಾಗುತ್ತದೆ. ಸರಿಯಾಗಿ ಅದೇ ಗಳಿಗೆಯಲ್ಲಿ ಶಟಲ್ಲಿನ ಮೊನೆ ಬಂದು ಆ ಕುಣಿಕೆಯೊಳಗೆ ಹೊಗುತ್ತದೆ, ಅದನ್ನು ಅಗಲಿಸಿ ಬಾಬಿನ್ನಿನ ಸುತ್ತ ಒಂದು ಸುತ್ತು ತಂದು ಬಿಟ್ಟುಬಿಡುತ್ತದೆ. ಮೇಲಿನ ಕಡ್ಡಿ ದಾರವನ್ನು ಎಳೆದುಕೊಳ್ಳುತ್ತದೆ. ಎರಡು ದಾರಗಳು ಬಟ್ಟೆಯ ದಪ್ಪದ ನಡುವೆ ಒಂದಕ್ಕೊಂದು ತೊಡರಿ ಬಿಗಿಯುತ್ತವೆ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದದ್ದು ಈ ಹೊಲಿಗೆಯ ಯಂತ್ರಕ್ಕೆ. 1851ರಲ್ಲಿ ಐಸಾಕ್ ಸಿಂಗರ್ ಪೇಟೆಂಟ್ ಪಡೆದು ಮನೆಮನೆಗೆ ತಲುಪಿಸಿದ್ದೂ ಇದನ್ನೇ. ಇಂದಿನ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದರ ಸಂಖ್ಯೆ 301. ಎಳೆದರೆ ಬಿಚ್ಚಿಕೊಳ್ಳುವುದಿಲ್ಲ, ಎರಡೂ ಬದಿಯಲ್ಲಿ ಒಂದೇ ತರ ಕಾಣುತ್ತದೆ. ಆದರೆ ಇದಕ್ಕೆ ಎರಡು ಕೊರತೆಗಳಿವೆ. ಇದು ಹಿಗ್ಗುವುದಿಲ್ಲ. ಮತ್ತು ಕತ್ತರಿಸಿದ ಬಟ್ಟೆಯ ಅಂಚಿನಿಂದ ನೂಲು ಬಿಡುವುದನ್ನು ತಡೆಯುವುದಿಲ್ಲ.

ಅಂಚನ್ನು ಕಟ್ಟಿಹಾಕಲು ಓವರ್‌ಲಾಕ್ ಬೇಕು. ಅದರ ಹೊಟ್ಟೆ ತೆರೆದು ನೋಡಿದರೆ ಬಾಬಿನ್ನೇ ಇಲ್ಲ. ಬಾಬಿನ್ನಿನ ಜಾಗದಲ್ಲಿ ಲೂಪರ್ ಎಂಬ ಎರಡು ಬಾಗಿದ ಕೊಕ್ಕೆಗಳು; ಒಂದು ಬಟ್ಟೆಯ ಕೆಳಗಿನಿಂದ, ಇನ್ನೊಂದು ಮೇಲಿನಿಂದ ದಾರ ತಂದು ಅಂಚಿನ ಸುತ್ತ ಹೆಣೆಯುತ್ತವೆ. ಸೂಜಿಗಿಂತ ಒಂದು ಹೆಜ್ಜೆ ಮುಂದೆ ಎರಡು ಅಲಗುಗಳ ಚಾಕು ಅಂಚನ್ನು ಸಮನಾಗಿ ಕತ್ತರಿಸುತ್ತ ಹೋಗುತ್ತದೆ. ಈ ಬಗೆಯ ಯಂತ್ರವನ್ನು 19ನೇ ಶತಮಾನದ ಕೊನೆಗೆ ರೂಪಿಸಿದ್ದು ಅಮೆರಿಕದ ಕನೆಕ್ಟಿಕಟ್‌ನ ಮೆರೋ ಕಂಪನಿ. ಕಪ್ಪು ಮಿಷನ್ನಿಗೆ ಯಾವ ಫುಟ್ ಹಾಕಿದರೂ ಈ ಹೆಣಿಗೆ ಬರುವುದಿಲ್ಲ, ಏಕೆಂದರೆ ಅದರೊಳಗೆ ಲೂಪರೂ ಇಲ್ಲ, ಚಾಕುವೂ ಇಲ್ಲ. ಓವರ್‌ಲಾಕಿನಲ್ಲಿ ಬ್ಲೌಸಿನ ಮುಂಭಾಗಕ್ಕೆ ಟಕ್ಸ್ ಹಿಡಿಯಲೂ ಆಗುವುದಿಲ್ಲ, ಏಕೆಂದರೆ ಅದು ಅಂಚಿನಲ್ಲಿ ಮಾತ್ರ ಓಡುತ್ತದೆ. ಹಾಗಾಗಿ ಒಂದರ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸುವ ದಾರಿಯೇ ಇಲ್ಲ.

ಮೂರನೆಯದು ಜಿಗ್‌ಜಾಗ್. ಇಲ್ಲಿ ಸೂಜಿ ಎಡಕ್ಕೂ ಬಲಕ್ಕೂ ತೂಗಾಡುತ್ತದೆ. ಸೀರೆಯ ಸೆರಗಿಗೆ, ಕೆಳಅಂಚಿಗೆ ಒತ್ತೊತ್ತಾಗಿ ಓಡುವ ಪಿಕೋ ಇದರದೇ ಕೆಲಸ. ಫಾಲ್-ಪಿಕೋ ಇಲ್ಲದೆ ಮುಂಬಯಿಯಲ್ಲಿ ಹೊಸ ಸೀರೆ ಉಡುವವರು ಕಡಿಮೆ. ದಾದರಿನ ಹಿಂದ್‌ಮಾತಾದಿಂದ ಸೀರೆ ತಂದ ದಿನವೇ ಅದು ಓಣಿಯ ಪಿಕೋ ಅಂಗಡಿಗೆ ಹೋಗುತ್ತದೆ. ಮನೆಯಲ್ಲಿ ಹೊಲಿಯುವ ಎಷ್ಟೋ ಹೆಂಗಸರಿಗೆ ದಿನದ ಖರ್ಚಿನ ದುಡ್ಡು ಬರುವುದು ಬ್ಲೌಸಿನಿಂದಲ್ಲ, ಫಾಲ್-ಪಿಕೋದಿಂದ. ಬ್ಲೌಸಿಗೆ ಅಳತೆ, ಕಟಿಂಗ್, ಟ್ರಯಲ್, ಮತ್ತೆ ಸರಿಪಡಿಸುವುದು ಎಲ್ಲ ಇದೆ. ಪಿಕೋ ಹಾಗಲ್ಲ: ಸೀರೆ ಬಂತು, ದಾರದ ಬಣ್ಣ ಹೊಂದಿಸಿದ್ದಾಯಿತು, ಸಂಜೆಗೆ ಕೊಟ್ಟಾಯಿತು.

“ಹಾಗಾದರೆ ಜಿಗ್‌ಜಾಗ್ ಮಿಷನ್ನಿನಲ್ಲಿ ನೇರ ಹೊಲಿಗೆಯೂ ಬರುತ್ತದಲ್ಲ, ಹಳೆಯದನ್ನು ಮಾರಿಬಿಡಿ” ಎನ್ನುವವರುಂಟು. ಬರುತ್ತದೆ ನಿಜ. ಆದರೆ ಸೂಜಿ ಅತ್ತಿತ್ತ ಆಡಬೇಕಾದರೆ ಅದರ ಕೆಳಗಿನ ತಟ್ಟೆಯ ತೂತು ಅಗಲವಾಗಿರಬೇಕು. ತೆಳ್ಳನೆಯ ವಾಯಿಲ್ ಅಥವಾ ಮಲ್ ಬಟ್ಟೆಯ ಮೂಲೆಯಿಂದ ಹೊಲಿಗೆ ಶುರು ಮಾಡಿದರೆ ಸೂಜಿ ಬಟ್ಟೆಯನ್ನೇ ಆ ತೂತಿನೊಳಗೆ ತುರುಕುತ್ತದೆ. ಹೊಲಿಯುವವರು ಇದಕ್ಕೆ “ಮಿಷನ್ ಬಟ್ಟೆ ತಿನ್ನುತ್ತದೆ” ಎನ್ನುತ್ತಾರೆ. ಕಪ್ಪು ಮಿಷನ್ನಿನ ತಟ್ಟೆಯಲ್ಲಿ ಒಂದು ಸೂಜಿ ಮಾತ್ರ ಹಿಡಿಯುವಷ್ಟು ಸಣ್ಣ ದುಂಡು ತೂತು. ಬಟ್ಟೆಗೆ ಎಲ್ಲ ಕಡೆಯಿಂದ ಆಸರೆ. ಅದಕ್ಕೇ ಅದರ ಗೆರೆ ನೆಟ್ಟಗೆ, ಚುರುಕಾಗಿ ಬರುತ್ತದೆ. ಇಪ್ಪತ್ತು ಮೂವತ್ತು ನಮೂನೆಯ ಹೊಲಿಗೆಗಳಿರುವ ಬಿಳಿ ಮಿಷನ್ ತಂದವರೂ ಬ್ಲೌಸಿನ ಕೊರಳಪಟ್ಟಿ ತಿರುಗಿಸಲು ಹಳೆಯದರ ಮುಂದೆಯೇ ಕೂರುವುದು ಮಮತೆಗಾಗಿಯಷ್ಟೇ ಅಲ್ಲ, ಆ ಸಣ್ಣ ತೂತಿಗಾಗಿ.

ಈಗ ಒಂದು ಬ್ಲೌಸ್ ಹಿಡಿದು ನೋಡೋಣ. ಅಸ್ತರ್ ಇರುವ ಕಾಟನ್ ಬ್ಲೌಸ್. ಬಟ್ಟೆಗೆ ಅಸ್ತರ್ ಕೂಡಿಸುವುದು, ಟಕ್ಸ್, ಭುಜ, ಕೊರಳು: ನೇರ ಹೊಲಿಗೆ. ತೋಳು ಹಚ್ಚಿ ಬದಿ ಮುಚ್ಚುವ ಮುಂಚೆ ಅಂಚುಗಳಿಗೆ ಓವರ್‌ಲಾಕ್. ಮತ್ತೆ ನೇರ ಹೊಲಿಗೆ. ಕೊನೆಗೆ ಕೈಸೂಜಿಯಲ್ಲಿ ಹುಕ್ಕು. ಒಂದು ಬ್ಲೌಸಿಗೆ ನಾಲ್ಕೈದು ಸಲ ಆಸನ ಬದಲಾಗುತ್ತದೆ. ಎರಡೂ ಮಿಷನ್ ದಾರ ಪೋಣಿಸಿ ಸಿದ್ಧವಾಗಿದ್ದರೆ ಸ್ಟೂಲು ತಿರುಗಿಸಿದರೆ ಸಾಕು. ಇಲ್ಲದಿದ್ದರೆ ಅರ್ಧ ಹೊಲಿದ ಬಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಪಕ್ಕದ ಗಲ್ಲಿಯ ಓವರ್‌ಲಾಕಿನವನ ಅಂಗಡಿಗೆ ಹೋಗಬೇಕು, ಸರದಿ ಕಾಯಬೇಕು, ಅವನಲ್ಲಿರುವ ಬಿಳಿ ದಾರದಲ್ಲೇ ಮಾಡಿಸಿಕೊಳ್ಳಬೇಕು, ದುಡ್ಡು ಕೊಟ್ಟು ಬರಬೇಕು. ಹೊಲಿಗೆಯ ಕಸುಬಿನಲ್ಲಿ ಹೊಲಿಯುವ ಹೊತ್ತಿಗಿಂತ ಹೊಲಿಗೆ ಶುರು ಮಾಡುವ ಮುಂಚಿನ ಹೊತ್ತು ಹೆಚ್ಚು ದುಬಾರಿ. ಸೂಜಿ ಬದಲಿಸು, ದಾರ ಬದಲಿಸು, ಬಿಗಿ ಸರಿಮಾಡು, ಚಿಂದಿಯ ಮೇಲೆ ಓಡಿಸಿ ನೋಡು, ಇನ್ನೂ ಸರಿಯಿಲ್ಲ, ಮತ್ತೆ ಸರಿಮಾಡು. ಈ ಹೊತ್ತಿಗೆ ಗಿರಾಕಿ ಕೂಲಿ ಕೊಡುವುದಿಲ್ಲ.

ನವರಾತ್ರಿಯ ಹೊತ್ತಿಗೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಮಹಾರಾಷ್ಟ್ರದಲ್ಲಿ ಒಂಬತ್ತು ದಿನಕ್ಕೆ ಒಂಬತ್ತು ಬಣ್ಣ. ಬೆಳಗಿನ ಲೋಕಲ್‌ನ ಲೇಡೀಸ್ ಡಬ್ಬಿ ಒಂದು ದಿನ ಪೂರ್ತಿ ಹಳದಿ, ಮರುದಿನ ಪೂರ್ತಿ ಹಸಿರು. ಕನ್ನಡದ ಮನೆಗಳ ಹೆಣ್ಣುಮಕ್ಕಳೂ ಈ ಬಣ್ಣದ ಪಂಚಾಂಗಕ್ಕೆ ಒಗ್ಗಿ ಹೋಗಿದ್ದಾರೆ. ಹೊಲಿಯುವವಳಿಗೆ ಇದರ ಅರ್ಥ: ವಾರದೊಳಗೆ ಒಂಬತ್ತು ಬಣ್ಣದ ಬ್ಲೌಸುಗಳು, ಒಂಬತ್ತು ಬಣ್ಣದ ದಾರ. ನೇರ ಹೊಲಿಗೆಯಲ್ಲಿ ಒಂದು ರೀಲು, ಒಂದು ಬಾಬಿನ್ ಬದಲಿಸಿದರಾಯಿತು. ಓವರ್‌ಲಾಕಿನಲ್ಲಿ ಮೂರು ಕೋನುಗಳನ್ನು ಬದಲಿಸಬೇಕು, ಅದರಲ್ಲೂ ಕೆಳಗಿನ ಲೂಪರಿನ ತೂತಿಗೆ ದಾರ ಹೊಗಿಸುವುದು ಚಿಮಟ ಹಿಡಿದು ಮಾಡುವ ಕೆಲಸ. ಅನುಭವಸ್ಥರು ಹಳೆಯ ದಾರದ ತುದಿಗೆ ಹೊಸ ದಾರ ಗಂಟು ಹಾಕಿ ಒಳಗೆಲ್ಲ ಎಳೆದುಕೊಳ್ಳುತ್ತಾರೆ. ಸೂಜಿಯ ಕಣ್ಣಿನ ಹತ್ತಿರ ಮಾತ್ರ ಗಂಟು ಕತ್ತರಿಸಿ ಪೋಣಿಸುತ್ತಾರೆ. ಅಷ್ಟು ಮಾಡಿದರೂ ಹೊತ್ತು ಹೋಗುತ್ತದೆ. ಅದಕ್ಕೇ ಒಂದು ಓವರ್‌ಲಾಕಿನಲ್ಲಿ ಖಾಯಂ ಬಿಳಿ, ಇನ್ನೊಂದರಲ್ಲಿ ಖಾಯಂ ಕಪ್ಪು ಎಂದು ಎರಡಿಟ್ಟುಕೊಂಡವರೂ ಇದ್ದಾರೆ. ಇದನ್ನು ದುಂದು ಎನ್ನುವವರು ಅಕ್ಟೋಬರಿನಲ್ಲಿ ಒಂದು ಸಂಜೆ ಅವರ ಪಕ್ಕ ಕೂತು ನೋಡಬೇಕು.

ಜೂಕಿಯ ಸಂಗತಿ ಬೇರೆ. ಜೂಕಿ ಜಪಾನಿನ ಕಂಪನಿಯ ಹೆಸರು. ನಮ್ಮಲ್ಲಿ ಕಾರ್ಖಾನೆಯ ಮೇಜಿನ ಮಿಷನ್ ಯಾವ ಕಂಪನಿಯದಾದರೂ ಜೂಕಿಯೇ. ಮನೆಯ ಮೋಟರ್ ಮಿಷನ್ ನಿಮಿಷಕ್ಕೆ ಹೆಚ್ಚೆಂದರೆ ಎಂಟುನೂರೋ ಸಾವಿರವೋ ಹೊಲಿಗೆ ಹಾಕಿದರೆ ಇದು ನಾಲ್ಕೈದು ಸಾವಿರದವರೆಗೂ ಓಡಬಲ್ಲದು. ಕೆಳಗೆ ಎಣ್ಣೆಯ ತೊಟ್ಟಿ ಇದ್ದು ತಾನೇ ಎಣ್ಣೆ ಎರೆದುಕೊಳ್ಳುತ್ತದೆ. ದಿನವಿಡೀ ನಿಲ್ಲದೆ ಓಡಲೆಂದೇ ಮಾಡಿದ ಯಂತ್ರ. ಆದರೆ ಅದಕ್ಕೆ ಒಂದೇ ಹೊಲಿಗೆ ಗೊತ್ತು. ಸೂಜಿಯೂ ಬೇರೆ: ಮನೆಯ ಮಿಷನ್ನಿನ ಸೂಜಿಯ ಬುಡ ಒಂದು ಬದಿಗೆ ಚಪ್ಪಟೆ, ಇದರದು ಪೂರ್ತಿ ದುಂಡು. ಒಂದರದು ಇನ್ನೊಂದಕ್ಕೆ ಸೇರದು. ಹೀಗೆ ಮಿಷನ್ ಜೊತೆಗೆ ಸೂಜಿಯ ಪೊಟ್ಟಣ, ಬಾಬಿನ್, ಬಾಬಿನ್ ಕೇಸ್ ಎಲ್ಲವೂ ಬೇರೆ ಬೇರೆ ಡಬ್ಬಿಗಳಾಗುತ್ತವೆ.

ಮಹಾರಾಷ್ಟ್ರದಲ್ಲಿ 2018ರ ಜೂನ್‌ನಿಂದ ಪ್ಲಾಸ್ಟಿಕ್ ಚೀಲದ ನಿಷೇಧ ಜಾರಿಯಾದಾಗ ಬಟ್ಟೆ ಚೀಲಗಳಿಗೆ ಬೇಡಿಕೆ ಬಂತು. ನಾಲ್ಕು ಪದರ ಕ್ಯಾನ್ವಾಸು ಸೇರುವ ಹಿಡಿಕೆಯ ಬುಡದಲ್ಲಿ ಮನೆಯ ಬಿಳಿ ಮಿಷನ್ ಮುಗ್ಗರಿಸಿ ನಿಲ್ಲುತ್ತದೆ, ಸೂಜಿ ಮುರಿಯುತ್ತದೆ. ಜೂಕಿ ಇದ್ದವರು, ಇಲ್ಲವೇ ಗಟ್ಟಿ ಕಬ್ಬಿಣದ ಹಳೆಯ ಮಿಷನ್ ಉಳಿಸಿಕೊಂಡವರು ಮಾತ್ರ ಆ ಆರ್ಡರ್ ಹಿಡಿದರು. 2020ರ ಲಾಕ್‌ಡೌನ್‌ನಲ್ಲಿ ಬ್ಲೌಸಿನ ಕೆಲಸ ಪೂರ್ತಿ ನಿಂತು ಮಾಸ್ಕ್ ಹೊಲಿಯುವ ಕೆಲಸ ಬಂತು. ಅದಕ್ಕೆ ಯಾವ ಮಿಷನ್ ಆದರೂ ಆಗುತ್ತಿತ್ತು. ಅಟ್ಟದಿಂದ ಇಳಿಸಿ ಎಣ್ಣೆ ಬಿಟ್ಟ ಮಿಷನ್ನುಗಳು ಆಗ ಎಷ್ಟು ಮನೆಗಳ ಅಕ್ಕಿ ಬೇಳೆಗೆ ಆದವು ಎಂಬುದನ್ನು ಈ ಭಾಗದಲ್ಲಿ ಬದುಕಿದವರೆಲ್ಲ ಬಲ್ಲರು.

ಕ್ವಿಲ್ಟ್ ಮಾಡುವವರ ಕತೆ ಇದಕ್ಕಿಂತ ಸೂಕ್ಷ್ಮ. ನಮ್ಮ ಕೌದಿಯಿಂದಲೇ ಶುರು ಮಾಡೋಣ. ವಿಜಯಪುರ, ಕಲಬುರಗಿ ಕಡೆಯಿಂದ ಕೆಲಸ ಹುಡುಕಿ ನವಿ ಮುಂಬಯಿಗೆ ಬಂದ ಕುಟುಂಬಗಳ ಗಂಟಿನಲ್ಲಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿ ಇದ್ದೇ ಇರುತ್ತದೆ. ಪಕ್ಕದ ಮರಾಠಿ ಮನೆಯಲ್ಲಿ ಅದೇ ಗೋಧಡಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಹೆಂಗಸರ ಕವಂದಿಯಂತೂ ಪ್ರಪಂಚದ ಗಮನ ಸೆಳೆದದ್ದು. ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ತುಂಡು ಹಚ್ಚುತ್ತ ಸುತ್ತು ಸುತ್ತಾಗಿ ನಡುವಿನ ಕಡೆಗೆ ಬರುತ್ತಾರೆ, ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂ ಇಡುತ್ತಾರೆ. 2004ರಲ್ಲಿ ಅವರದೇ ಒಂದು ಕ್ವಿಲ್ಟ್ ಸಹಕಾರಿ ಸಂಘವೂ ಆಯಿತು. ಈ ಎಲ್ಲದಕ್ಕೂ ಬೇಕಾದದ್ದು ಒಂದು ಉದ್ದ ಸೂಜಿ, ಗಟ್ಟಿ ದಾರ, ಮತ್ತು ಬಿಡುವು. ಒಂದೇ ಸೂಜಿ ತುಂಡು ಕೂಡಿಸುತ್ತದೆ, ಪದರ ಹಿಡಿಯುತ್ತದೆ, ಅಂಚು ಮುಚ್ಚುತ್ತದೆ. ಎಲ್ಲಿ ಹೇಗೆ ನಡೆಯಬೇಕೆಂಬುದನ್ನು ಆ ಸೂಜಿಗೆ ಬೆರಳು ಹೇಳುತ್ತದೆ.

ಬೆರಳಿನ ಕೆಲಸವನ್ನು ಯಂತ್ರಕ್ಕೆ ಕೊಟ್ಟ ಕೂಡಲೇ ಅದು ಹಂಚಿಹೋಗುತ್ತದೆ. ಚೌಕ ತುಂಡುಗಳನ್ನು ಜೋಡಿಸಿ ಮಾಡುವ ಕ್ವಿಲ್ಟಿನಲ್ಲಿ ಅಂಚಿನಿಂದ ಕಾಲು ಇಂಚು ಒಳಗೆ ಹೊಲಿಗೆ ಹಾಕಬೇಕು ಎಂಬುದು ನಿಯಮ. ಆ ಕಾಲು ಇಂಚು ಒಂದು ಇಂಚಿನ ಮೂವತ್ತೆರಡನೇ ಒಂದು ಭಾಗದಷ್ಟು ಹೆಚ್ಚಾಯಿತು ಎನ್ನಿ. ಕಣ್ಣಿಗೆ ಕಾಣುವುದಿಲ್ಲ. ಆದರೆ ಒಂದು ಹೊಲಿಗೆಯಲ್ಲಿ ಎರಡು ತುಂಡುಗಳು ಸೇರುವುದರಿಂದ ನಷ್ಟ ಎರಡರದೂ ಸೇರಿ ಹದಿನಾರನೇ ಒಂದು ಭಾಗ. ಸಾಲಿಗೆ 16 ಚೌಕಗಳಿದ್ದರೆ 15 ಹೊಲಿಗೆ. ಸಾಲಿನ ಕೊನೆಗೆ ಹೆಚ್ಚುಕಡಿಮೆ ಒಂದು ಇಂಚು ಮಾಯ. ಮುಂದಿನ ಸಾಲು ಸರಿಯಾಗಿ ಬಂದಿದ್ದರೆ ಎರಡೂ ಮೂಲೆಗೆ ಮೂಲೆ ಕೂಡುವುದೇ ಇಲ್ಲ. ಅದಕ್ಕಾಗಿ ಈ ಕೆಲಸ ಮಾಡುವವರು ಒಂದು ಮಿಷನ್ನಿನಲ್ಲಿ ಕಾಲು ಇಂಚನ್ನು ಒಮ್ಮೆ ಸರಿಯಾಗಿ ಕೂರಿಸಿ, ತಟ್ಟೆಯ ಮೇಲೆ ಗುರುತು ಹಚ್ಚಿ, ಕೆಲಸ ಮುಗಿಯುವ ತನಕ ಅದನ್ನು ಮುಟ್ಟುವುದಿಲ್ಲ. ಮಗನ ಪ್ಯಾಂಟಿನ ಜಿಪ್ ಹೋಗಿದೆ ಎಂದರೂ ಆ ಮಿಷನ್ ಕೊಡುವುದಿಲ್ಲ. ಜಿಪ್ಪಿಗೆ ಇನ್ನೊಂದು ಬೇಕು.

ತುಂಡು ಜೋಡಿಸಿದ ಮೇಲೆ ಮೇಲಿನ ಬಟ್ಟೆ, ನಡುವಿನ ಹತ್ತಿ, ಕೆಳಗಿನ ಬಟ್ಟೆ ಮೂರನ್ನೂ ಒಟ್ಟಿಗೆ ಹೊಲಿಯಬೇಕು. ಸಾಮಾನ್ಯ ಮಿಷನ್ನಿನ ಹಲ್ಲುಗಳು ಕೆಳಗಿನ ಪದರವನ್ನು ಮಾತ್ರ ಹಿಂದಕ್ಕೆ ಎಳೆಯುತ್ತವೆ. ಮೇಲಿನದು ಹಿಂದೆ ಬಿದ್ದು ಸುಕ್ಕಾಗುತ್ತದೆ. ಇದಕ್ಕೆ ಮೇಲಿನಿಂದಲೂ ಎಳೆಯುವ ವಾಕಿಂಗ್ ಫುಟ್ ಬೇಕು. ಬಳ್ಳಿ ಹೂವಿನ ಹಾಗೆ ಬಳುಕುವ ಗೆರೆ ಬೇಕಾದರೆ ಹಲ್ಲನ್ನೇ ಕೆಳಗಿಳಿಸಿ ಬಟ್ಟೆಯನ್ನು ಕೈಯಲ್ಲಿ ಆಡಿಸಬೇಕು. ಜೊತೆಗೆ ಡಬಲ್ ಬೆಡ್ಡಿನ ಹೊದಿಕೆ ಎಂದರೆ ಅಗಲವೇ ತೊಂಬತ್ತು ಇಂಚು. ಅದರ ಅರ್ಧವನ್ನು ಸುರುಳಿ ಸುತ್ತಿ ಸೂಜಿಗೂ ಮಿಷನ್ನಿನ ಕಂಬಕ್ಕೂ ನಡುವಿನ ಆರೇಳು ಇಂಚಿನ ಸಂದಿಯಲ್ಲಿ ತೂರಿಸಬೇಕು. ವಿದೇಶಗಳಲ್ಲಿ ಇದಕ್ಕಾಗಿ ಲಾಂಗ್ ಆರ್ಮ್ ಎಂಬ ಉದ್ದ ತೋಳಿನ ಮಿಷನ್ ಇದೆ. ಅದರ ಚೌಕಟ್ಟಿಗೇ ಹತ್ತು ಹನ್ನೆರಡು ಅಡಿ ಬೇಕು, ಅಂದರೆ ನಮ್ಮ ಡೊಂಬಿವಲಿಯ ಒಂದು ಕೋಣೆ ಪೂರ್ತಿ. ಇಲ್ಲಿಯವರು ಸ್ವಲ್ಪ ಹೆಚ್ಚು ಸಂದಿ ಇರುವ ಜೂಕಿಯ ಮೇಜಿನಲ್ಲಿ ಆ ಕೆಲಸ ಮಾಡಿಕೊಳ್ಳುತ್ತಾರೆ. ಮೇಜು ಅಗಲವಿರುವುದರಿಂದ ಹೊದಿಕೆಯ ಭಾರ ಕೆಳಗೆ ಜೋತು ಸೂಜಿಯನ್ನು ಎಳೆಯುವುದಿಲ್ಲ.

ಇನ್ನು ತರಗತಿಗೆ, ಗೆಳತಿಯ ಮನೆಗೆ ಹೊತ್ತೊಯ್ಯಲು ಹಗುರವಾದ ಒಂದು ಬೇಕು. ಸಿಂಗರ್ ಕಂಪನಿ 1933ರಲ್ಲಿ ತಂದ 221 ಎಂಬ ಪುಟ್ಟ ಮಿಷನ್ ಸುಮಾರು ಐದು ಕಿಲೋ ತೂಕದ್ದು, ನೇರ ಹೊಲಿಗೆ ಒಂದೇ ಬಲ್ಲದ್ದು. ಪ್ರಪಂಚದ ಕ್ವಿಲ್ಟ್ ಪ್ರಿಯರು ಅದನ್ನು ಈಗಲೂ ಹುಡುಕಿ ಕೊಳ್ಳುತ್ತಾರೆ. ಥಾಣೆ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಇಳಿಯುವವರಿಗೆ ಐದು ಕಿಲೋ ಮತ್ತು ಹನ್ನೆರಡು ಕಿಲೋ ನಡುವಿನ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಹಳೆಯ ತುಳಿಯುವ ಮಿಷನ್ನನ್ನು ಬಿಡದಿರಲು ಇನ್ನೂ ಕೆಲವು ಕಾರಣಗಳನ್ನು ಈ ಊರುಗಳೇ ಕಲಿಸಿವೆ. ಕರೆಂಟು ಹೋದರೆ ಅದು ನಿಲ್ಲುವುದಿಲ್ಲ. ಹಳೆಯ ಬಗೆಯ ಕ್ಲಚ್ ಮೋಟರಿನ ಜೂಕಿ ಹೊಲಿಯದಿದ್ದಾಗಲೂ ಗುಂಯ್‌ಗುಡುತ್ತಲೇ ಇರುತ್ತದೆ. ರಾತ್ರಿ ಹತ್ತಾದ ಮೇಲೆ ಕೆಳಗಿನ ಮನೆಯವರು ಸೊಸೈಟಿಯ ಸೆಕ್ರೆಟರಿಗೆ ಫೋನ್ ಮಾಡುತ್ತಾರೆ. ಸರ್ವೋ ಮೋಟರ್ ಬಂದ ಮೇಲೆ ಆ ಸದ್ದು ಎಷ್ಟೋ ತಗ್ಗಿದೆ, ಕರೆಂಟಿನ ಬಿಲ್ಲೂ ತಗ್ಗಿದೆ. ಆದರೂ ಮಕ್ಕಳು ಮಲಗಿದ ಮೇಲೆ ನಾಳೆಯ ಮದುವೆಯ ಬ್ಲೌಸ್ ಮುಗಿಸುವವಳಿಗೆ ತುಳಿಯುವ ಮಿಷನ್ನಿನ ಮೆಲುದನಿಯೇ ಆಸರೆ. 2005ರ ಜುಲೈ 26ರ ಮಹಾಮಳೆಯಲ್ಲಿ ಕಲ್ಯಾಣದ ಸುತ್ತಮುತ್ತ ನೆಲಮಟ್ಟದ ಮನೆಗಳಿಗೆ ನೀರು ನುಗ್ಗಿತು. ಎರಕದ ಕಬ್ಬಿಣದ ಮಿಷನ್ನು ನೀರಲ್ಲಿ ಮುಳುಗಿದರೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಬಿಟ್ಟರೆ ಮತ್ತೆ ತಿರುಗುತ್ತದೆ. ಸರ್ಕ್ಯೂಟ್ ಬೋರ್ಡ್ ಇರುವ ಮಿಷನ್ನಿಗೆ ಆ ಎರಡನೇ ಜನ್ಮ ಇಲ್ಲ. ತವರಿನಿಂದ ಬಂದದ್ದು, ಅಮ್ಮನ ಕೈ ಆಡಿದ್ದು ಎಂಬ ಮಾತೂ ಇದೆ. ಅದು ಸಣ್ಣ ಕಾರಣವಲ್ಲ, ಆದರೆ ಬರೀ ಅದೊಂದೇ ಕಾರಣ ಎಂದು ಬೇರೆಯವರು ತಿಳಿದುಕೊಂಡಾಗ ಹೊಲಿಯುವವಳ ಕಸುಬಿನ ತಿಳಿವಳಿಕೆಗೆ ಅನ್ಯಾಯವಾಗುತ್ತದೆ.

ಕಾರ್ಖಾನೆಗಳಿಗೆ ಈ ಪಾಠ ಯಾರೂ ಹೇಳಬೇಕಿಲ್ಲ. ಕಲ್ಯಾಣಕ್ಕೆ ಅಂಟಿಕೊಂಡ ಉಲ್ಲಾಸನಗರವನ್ನೇ ನೋಡಿ. ದೇಶ ವಿಭಜನೆಯ ನಂತರ ಸಿಂಧಿ ನಿರಾಶ್ರಿತರು ಬಂದಿಳಿದ ಮಿಲಿಟರಿ ಕ್ಯಾಂಪು 1949ರಲ್ಲಿ ಊರಾಯಿತು, ಮುಂದೆ ಜೀನ್ಸ್ ಹೊಲಿಯುವ ದೊಡ್ಡ ಕೇಂದ್ರವಾಯಿತು. ಒಂದು ಜೀನ್ಸ್ ಪ್ಯಾಂಟು ತಯಾರಾಗಲು ಹತ್ತು ಬಗೆಯ ಮಿಷನ್ನುಗಳಾದರೂ ಬೇಕು. ಕಾಲಿನ ಉದ್ದ ಹೊಲಿಗೆಗೆ ಕೊಳವೆಯಂಥ ತೋಳಿನ ಚೈನ್ ಸ್ಟಿಚ್ ಮಿಷನ್, ಸೊಂಟಪಟ್ಟಿಗೆ ಒಂದು, ಬೆಲ್ಟಿನ ಕುಣಿಕೆಗೆ ಒಂದು, ಕಿಸೆಯ ಮೂಲೆಯ ಬಾರ್‌ಟ್ಯಾಕಿಗೆ ಒಂದು, ಕಾಜಾಕ್ಕೆ ಒಂದು. ಅಲ್ಲಿ ಒಬ್ಬ ಕಾರೀಗರ ಒಂದೇ ಮಿಷನ್ನಿನಲ್ಲಿ ಕೂರುತ್ತಾನೆ, ಪ್ಯಾಂಟು ಅವನ ಮುಂದಿನಿಂದ ಸಾಗುತ್ತದೆ. ಮನೆಯಲ್ಲಿ ಬಟ್ಟೆ ಒಂದೇ ಕಡೆ ಇರುತ್ತದೆ, ಹೆಂಗಸು ಮಿಷನ್ನಿನಿಂದ ಮಿಷನ್ನಿಗೆ ಸಾಗುತ್ತಾಳೆ. ವ್ಯತ್ಯಾಸ ಅಷ್ಟೇ. ಅಲ್ಲಿಯ ಯಜಮಾನ ಹತ್ತನೇ ಮಿಷನ್ ತಂದರೆ ಬಂಡವಾಳ ಎನ್ನುವ ನಾವು ಇಲ್ಲಿ ಮೂರನೆಯದು ಬಂದರೆ ಹುಚ್ಚು ಎನ್ನುತ್ತೇವೆ. ಇದು ನನಗೆ ಬಹಳ ನೋವು ತರುವ ಸಂಗತಿ.

ಹೊಲಿಗೆ ಮಿಷನ್ ಮನೆಗಳಿಗೆ ಬಂದದ್ದೇ ಕಂತಿನ ಮೇಲೆ. ಸಿಂಗರ್ ಕಂಪನಿ 1850ರ ದಶಕದಲ್ಲೇ ಕಂತಿನಲ್ಲಿ ಮಾರುವ ಪದ್ಧತಿ ತಂದಿತ್ತು. ಭಾರತದಲ್ಲೂ ಅದರ ವ್ಯಾಪಾರ ಅದೇ ಪದ್ಧತಿಯಲ್ಲಿ ಬೆಳೆಯಿತು. ಯಂತ್ರಗಳ ಹುಚ್ಚನ್ನು ಅಷ್ಟು ಕಟುವಾಗಿ ವಿರೋಧಿಸಿದ ಗಾಂಧೀಜಿ 1924ರ ಒಂದು ಮಾತುಕತೆಯಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ತನ್ನ ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ಕಂಡ ಸಿಂಗರ್‌ನ ಪ್ರೀತಿಯಿಂದ ಹುಟ್ಟಿದ ಯಂತ್ರ ಅದು ಎಂಬುದು ಅವರ ಕಾರಣವಾಗಿತ್ತು. ಒಬ್ಬ ಮನುಷ್ಯನ ದಣಿವು ತಗ್ಗಿಸುವ ಯಂತ್ರ ತಪ್ಪಲ್ಲ ಎಂದರೆ, ಎರಡನೆಯ ಮತ್ತು ಮೂರನೆಯ ಮಿಷನ್ನನ್ನೂ ಇದೇ ಕಣ್ಣಿನಿಂದ ನೋಡಬೇಕು.

ಸರಕಾರದ ಕಡೆ ಬರೋಣ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ಉಪಕರಣಕ್ಕೆ 15,000 ರೂಪಾಯಿಯವರೆಗೆ ನೆರವು, ಮೊದಲು ಒಂದು ಲಕ್ಷ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷ ಸಾಲ, ಬಡ್ಡಿ ಶೇಕಡ 5. ಒಳ್ಳೆಯ ಯೋಜನೆ. ಆ ನೆರವನ್ನು ಬಳಸುವಾಗ ಒಂದು ವಿಚಾರ ಮಾಡಬೇಕು. ಹೊಲಿಯುವವಳ ಬಳಿ ನೇರ ಹೊಲಿಗೆಯ ಮಿಷನ್ ಹೇಗೂ ಇರುತ್ತದೆ, ಅಮ್ಮನದೋ ಅತ್ತೆಯದೋ. ವೇದಿಕೆಯ ಮೇಲೆ ಹಾರ ಹಾಕಿ ಅವಳಿಗೆ ಅಂಥದೇ ಮತ್ತೊಂದು ಕಪ್ಪು ಮಿಷನ್ ಕೊಟ್ಟರೆ ಅವಳು ಈಗಾಗಲೇ ಬಲ್ಲ ಹೊಲಿಗೆಯೇ ಎರಡಾಗುತ್ತದೆ, ಓವರ್‌ಲಾಕಿಗೆ ಅವಳು ಪಕ್ಕದ ಗಲ್ಲಿಗೆ ಹೋಗುವುದು ತಪ್ಪುವುದಿಲ್ಲ. ದಾನ ಕೊಡುವವರು ಕೊಡುವ ಮುಂಚೆ “ಅಕ್ಕಾ, ನಿಮ್ಮಲ್ಲಿ ಯಾವುದಿದೆ, ಯಾವುದಿಲ್ಲ?” ಎಂದು ಒಂದು ಮಾತು ಕೇಳಬೇಕು.

ನಮ್ಮ ಕನ್ನಡ ಸಂಘಗಳ ಮಹಿಳಾ ವಿಭಾಗಗಳಿಗೂ ಇದು ಅನ್ವಯಿಸುತ್ತದೆ. ಥಾಣೆಯಿಂದ ಕಲ್ಯಾಣದವರೆಗೆ, ಆಚೆ ವಾಶಿ ನೆರೂಲ್‌ವರೆಗೆ ಜಾತಿ ಸಂಘಗಳು, ಊರಿನ ಸಂಘಗಳು ಎಷ್ಟೋ ಇವೆ. ಅರಶಿನ ಕುಂಕುಮಕ್ಕೆ, ಆಟಿ ಕೂಟಕ್ಕೆ ಬಳಸುವ ಸಭಾಂಗಣಗಳು ವಾರದ ಹಗಲಿನಲ್ಲಿ ಹೆಚ್ಚಾಗಿ ಖಾಲಿ. ಅಲ್ಲಿ ಒಂದು ಒಳ್ಳೆಯ ಓವರ್‌ಲಾಕ್, ಒಂದು ಪಿಕೋ, ಒಂದು ಕಾಜಾ ಮಿಷನ್ ಇಟ್ಟು, ಸದಸ್ಯೆಯರು ಸರದಿಯಂತೆ ಬಂದು ಬಳಸುವ ಹಾಗೆ ಮಾಡಬಹುದು. ಕಾಜಾ ಮಿಷನ್ನಿನಂಥದ್ದು ಒಬ್ಬಳ ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಓಡಿದರೆ ಹೆಚ್ಚು. ಇಪ್ಪತ್ತು ಮಂದಿಗೆ ಒಂದು ಸಾಕು. ಆದರೆ ನೇರ ಹೊಲಿಗೆಯದೂ ಓವರ್‌ಲಾಕೂ ದಿನದಿನ ಬೇಕಾದವು, ಅವು ಕೈಗೆಟಕುವಂತೆ ಮನೆಯಲ್ಲೇ ಇರಬೇಕು. ಯಾವುದು ಹಂಚಿಕೊಳ್ಳುವಂಥದ್ದು, ಯಾವುದು ಸ್ವಂತಕ್ಕೆ ಬೇಕಾದದ್ದು ಎಂದು ವಿಂಗಡಿಸುವುದಕ್ಕೂ ಹೊಲಿಯುವವರನ್ನೇ ಕೇಳಬೇಕು.

ಎರಡನೇ ಮಿಷನ್ ಕೊಳ್ಳಲು ಹೊರಟವರಿಗೆ ನನ್ನ ಸಲಹೆ ಇದು. ಕಸೂತಿ ಮಾಡುವ ಕಂಪ್ಯೂಟರ್ ಮಿಷನ್ನಿನ ಪರದೆಗೆ ಮರುಳಾಗದೆ ಮೊದಲು ಮೂರು ದಾರದ ಓವರ್‌ಲಾಕ್ ತನ್ನಿ. ಬ್ಲೌಸಿನ ಕೂಲಿ ಏರಿಸಲು ಅದರಷ್ಟು ಬೇಗ ನೆರವಾಗುವುದು ಬೇರೊಂದಿಲ್ಲ. ಆಮೇಲೆ ಪಿಕೋ. ದಿನವಿಡೀ ಕೆಲಸವಿದ್ದರೆ ಮಾತ್ರ ಜೂಕಿ, ಅದೂ ಸರ್ವೋ ಮೋಟರಿನದು. ಸೆಕೆಂಡ್ ಹ್ಯಾಂಡ್ ಆದರೆ ಅಂಗಡಿಯವನು ಕೊಡುವ ಗಂಜಿ ಹಾಕಿದ ಗಟ್ಟಿ ಬಟ್ಟೆಯ ಮೇಲೆ ನೋಡಬೇಡಿ, ಅದರ ಮೇಲೆ ಎಲ್ಲ ಮಿಷನ್ನೂ ಚೆನ್ನಾಗಿಯೇ ಹೊಲಿಯುತ್ತದೆ. ನಿಮ್ಮದೇ ವಾಯಿಲ್ ಒಂದು ತುಂಡು, ಜೀನ್ಸಿನ ಮಡಿಚಿದ ಅಂಚು ಒಂದು ತುಂಡು ಚೀಲದಲ್ಲಿ ಒಯ್ಯಿರಿ. ಎರಡರ ಮೇಲೂ ಓಡಿಸಿ, ಬಟ್ಟೆ ತಿರುಗಿಸಿ ಕೆಳಗಿನ ದಾರ ನೋಡಿ. ಚಕ್ರವನ್ನು ಕೈಯಲ್ಲಿ ತಿರುಗಿಸಿದಾಗ ಎಲ್ಲಾದರೂ ಬಿಗಿದು ನಿಂತರೆ ಬಿಡಿ. ಸೂಜಿ, ಬಾಬಿನ್, ಚಾಕು ನಿಮ್ಮ ಸ್ಟೇಷನ್ನಿನ ಹತ್ತಿರವೇ ಸಿಗುತ್ತವೆಯೇ, ಕೆಟ್ಟರೆ ಮನೆಗೆ ಬರುವ ಮಿಸ್ತ್ರಿ ಇದ್ದಾನೆಯೇ ಎಂದು ಬೆಲೆ ಮಾತಾಡುವ ಮುಂಚೆಯೇ ಕೇಳಿಕೊಳ್ಳಿ.